ಮಗೂ, ನಿನ್ನ ಸಂಕಟ ಮಂಗಳವಾರಕ್ಕೆ ಇಟ್ಕೋ

2015ರ ಮಾರ್ಚಲ್ಲಿ ಸಿಬಿಎಸ್‌ಇಯವ್ರು ಒಂದು ಸುತ್ತೋಲೆ ಹೊರಡಿಸಿದ್ರು. ಸ್ಕೂಲಲ್ಲಿ ಮಕ್ಳು ಮಕ್ಳನ್ನೇ ಗೋಳು ಹುಯ್ಕೊಳೋದನ್ನ ತಡೀಬೇಕು, ಅದಕ್ಕೆ ಪ್ರತಿ ಶಾಲೇಲೂ ಒಂದು ಆಂಟಿ ಬುಲ್ಲಿಯಿಂಗ್ ಕಮಿಟಿ ಇರ್ಬೇಕು, ಅದ್ರಲ್ಲಿ ವೈಸ್ ಪ್ರಿನ್ಸಿಪಾಲ್ರು, ಒಬ್ರು ಸೀನಿಯರ್ ಟೀಚರ್ರು, ಸ್ಕೂಲ್ ಡಾಕ್ಟ್ರು, ಕೌನ್ಸೆಲರ್ರು, ಪೋಷಕರ ಕಡೆಯೋರು ಒಬ್ರು, ಮ್ಯಾನೇಜ್‌ಮೆಂಟ್ ಕಡೆಯೋರು ಒಬ್ರು, ಸಾಲ್ದು ಅಂತ ಕಾನೂನು ಕಡೆಯೋರು ಒಬ್ರು, ಕೊನೇಲಿ ಮಕ್ಳ ಕಡೆಯಿಂದ್ಲೂ ಪ್ರತಿನಿಧಿಗಳು. ಇಷ್ಟು ಜನ ದೊಡ್ಡೋರು ಒಂದು ರೂಮಲ್ಲಿ ಕೂತ್ರೆ ನಮ್ಮ ಕಡೆ ಒಂದು ಮದುವೆ ಮಾತುಕತೆ ಮುಗಿದು ಛತ್ರಕ್ಕೆ ಅಡ್ವಾನ್ಸೂ ಕೊಟ್ಟಾಗಿರುತ್ತೆ, ಇಲ್ಲಿ ಇತ್ಯರ್ಥ ಆಗ್ಬೇಕಾಗಿರೋದು ಒಂದು ಟಿಫನ್ ಬಾಕ್ಸ್ ವಿಚಾರ, ಅದೂ ಆಗ್ಲಿಲ್ಲ.

ನಾನು ಹೇಳ್ತಿರೋದು ಯಾವ ಸ್ಕೂಲು ಅಂತ ಹುಡುಕೋಕೆ ಹೋಗ್ಬೇಡಿ, ನಿಮ್ಮ ತಾಲ್ಲೂಕಿನ ಬೈಪಾಸ್ ಪಕ್ಕಾನೂ ಒಂದಿರುತ್ತೆ. ಬೋರ್ಡಲ್ಲಿ ಇಂಟರ್‌ನ್ಯಾಷನಲ್ ಅಂತಿರುತ್ತೆ, ಅತಿ ದೂರದಿಂದ ಬರೋ ಮಗು ಅಂದ್ರೆ ಪಕ್ಕದ ಹೋಬಳಿಯದ್ದು. ಅಲ್ಲಿ ಎಂಟನೇ ಕ್ಲಾಸಲ್ಲಿ ಒಬ್ಬ ಹುಡುಗ, ಹದಿಮೂರು ವರ್ಷ, ಸ್ವಲ್ಪ ಮೈಕೈ ತುಂಬ್ಕೊಂಡಿದಾನೆ ಅನ್ನೋದು ಬಿಟ್ರೆ ಅವನ ತಪ್ಪು ಏನೂ ಇಲ್ಲ. ಹಾಜರಿ ಪುಸ್ತಕದಲ್ಲಿ ಅಜ್ಜನ ಹೆಸ್ರು ಇಟ್ಟಿದಾರೆ, ಕರೆಯೋದು ಮಾತ್ರ ಇಡ್ಲಿ ಅಂತ. ಈ ನಾಮಕರಣ ಮಾಡಿದ್ದು ಹುಡುಗ್ರು ಅಂದ್ಕೊಂಡ್ರಾ, ಅಲ್ಲ. ಸ್ಪೋರ್ಟ್ಸ್ ಡೇ ಪ್ರಾಕ್ಟೀಸಲ್ಲಿ ಪಿಟಿ ಮೇಷ್ಟ್ರು ವಿಸಿಲ್ ಬಾಯಿಂದ ತೆಗೆದು "ಏಯ್ ಇಡ್ಲಿ, ಓಡಕ್ಕಾಗ್ದಿದ್ರೆ ಉರುಳ್ಕೊಂಡಾದ್ರೂ ಬಾರೋ" ಅಂದ್ರು, ಇಡೀ ಗ್ರೌಂಡ್ ನಕ್ಕಿತು, ಅವತ್ತಿಂದ ಅದೇ ಪರ್ಮನೆಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುಗೆ ಹೊಡೆಯೋದು ಮಾತ್ರ ಅಲ್ಲ, ಮಾನಸಿಕವಾಗಿ ಹಿಂಸೆ ಕೊಡೋದೂ ಕೂಡದು ಅಂತ ಸ್ಪಷ್ಟವಾಗಿ ಹೇಳುತ್ತೆ. ಆದ್ರೆ ಮೇಷ್ಟ್ರು ಅದನ್ನ ಪ್ರೀತಿಯಿಂದ ಅಂದಿದ್ದಂತೆ. ಪ್ರೀತಿಗೆ ಸೆಕ್ಷನ್ ಅಪ್ಲೈ ಆಗಲ್ಲ. ಹಾಂ, ಹೇಳೋದು ಮರ್ತೆ, ಕಮಿಟೀಲಿರೋ ಸೀನಿಯರ್ ಟೀಚರ್ರು ಅಂದ್ರೆ ಇವ್ರೇ.

ಇಡ್ಲಿಯ ಟಿಫನ್ ಬಾಕ್ಸು ದಿನಾ ಲಾಸ್ಟ್ ಬೆಂಚಿಗೆ ಹೋಗಿ ಖಾಲಿಯಾಗಿ ವಾಪಸ್ ಬರುತ್ತೆ. ದೂರು ಕೊಡ್ಬೋದಲ್ವಾ ಅಂತೀರಿ. ಕೊಡ್ಬೋದು, ವ್ಯವಸ್ಥೆ ಇದೆ, ದೂರು ಪೆಟ್ಟಿಗೆ ಇದೆ. ಎಲ್ಲಿದೆ ಅಂದ್ರೆ ಪ್ರಿನ್ಸಿಪಾಲ್ ಚೇಂಬರ್ ಬಾಗ್ಲಲ್ಲಿ, ಸಿಸಿ ಕ್ಯಾಮೆರಾದ ಕೆಳಗೆ, ಅಟೆಂಡರ್ ಸ್ಟೂಲ್ ಹಾಕ್ಕೊಂಡು ಕೂರೋ ಜಾಗದ ನೆತ್ತಿ ಮೇಲೆ. ಚೀಟಿ ಹಾಕ್ಬೇಕು ಅಂದ್ರೆ "ಸ್ವಲ್ಪ ಸೈಡಿಗೆ ಬನ್ನಿ ಅಂಕಲ್" ಅನ್ಬೇಕು, ಅವ್ರು "ಏನೋ ಅದು, ಯಾರ್ ಮೇಲೋ" ಅಂತ ಕೇಳ್ತಾರೆ, ಕೇಳ್ದೆ ಇದ್ರೆ ಅವ್ರು ಅಟೆಂಡರ್ರೇ ಅಲ್ಲ. ಗೌಪ್ಯತೆ ಅಂದ್ರೆ ಇದು. ಬೀಗದ ಕೀ ಹೋದ್ವರ್ಷ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಹತ್ರ ಇತ್ತು, ಅವ್ರು ಕೆಲಸ ಬಿಟ್ಟು ಹೋಗಿದಾರೆ. ಇನ್ಸ್‌ಪೆಕ್ಷನ್ ಹಿಂದಿನ ದಿನ ಸ್ಕ್ರೂಡ್ರೈವರ್ ಹಾಕಿ ತೆಗೆದ್ರೆ ಒಳಗೆ ಎರಡು ಮಂಚ್ ಕವರು, ಒಂದು ರಬ್ಬರು, "ಗರ್ಲ್ಸ್ ಟಾಯ್ಲೆಟ್ಟಲ್ಲಿ ಚಿಲಕ ಇಲ್ಲ" ಅಂತ ಒಂದು ಚೀಟಿ. ಚಿಲಕದ ವಿಷ್ಯ ಬುಲ್ಲಿಯಿಂಗ್ ವ್ಯಾಪ್ತಿಗೆ ಬರಲ್ಲ ಅಂತ ಅದನ್ನ ಮೇಂಟೆನೆನ್ಸಿಗೆ ಕಳಿಸಿದ್ರು, ಮೇಂಟೆನೆನ್ಸ್‌ನೋರು ಅದು ಬಜೆಟ್ ವ್ಯಾಪ್ತಿಗೆ ಬರಲ್ಲ ಅಂದ್ರು.

ಸರಿ, ಕೌನ್ಸೆಲರ್ ಇದಾರಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದ್ತಿದ್ದ ಒಂದು ಹುಡುಗಿಯ ಸಾವಿನ ಕೇಸಲ್ಲಿ, ದೇಶದ ಎಲ್ಲಾ ವಿದ್ಯಾಸಂಸ್ಥೆಗಳಿಗೂ ಅನ್ವಯಿಸೋ ಹಾಗೆ ಮಾರ್ಗಸೂಚಿ ಕೊಡ್ತು, ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಳಿದ್ರೆ ಕನಿಷ್ಠ ಒಬ್ಬ ತರಬೇತಿ ಪಡೆದ ಕೌನ್ಸೆಲರ್ ಇರ್ಲೇಬೇಕು ಅಂತ. ಕೋರ್ಟ್ ಹೇಳಿದ್ದು ಕನಿಷ್ಠ. ನಮ್ಮ ಮ್ಯಾನೇಜ್‌ಮೆಂಟ್‌ಗಳಿಗೆ ಕನಿಷ್ಠ ಅನ್ನೋದೇ ಗರಿಷ್ಠ, ಸಂಬಳದ ವಿಚಾರದಲ್ಲಿ ಮೊದ್ಲಿಂದ್ಲೂ ಅಭ್ಯಾಸ. ನೂರು ಮಕ್ಳಿಗೂ ಒಬ್ರು, ಮೂರು ಸಾವಿರ ಮಕ್ಳಿಗೂ ಅದೇ ಒಬ್ರು. ಮೂರು ಸಾವಿರ ಮಕ್ಳಿಗೆ ತಲಾ 15 ನಿಮಿಷ ಕೊಟ್ರೂ 750 ಗಂಟೆ ಆಯ್ತು, ದಿನಕ್ಕೆ 5 ಗಂಟೆ ಬರೀ ಕೇಳ್ತಾನೇ ಕೂತ್ರೂ 150 ದಿನ, ಅಂದ್ರೆ ಜೂನಲ್ಲಿ ಅತ್ತ ಮಗುವಿಗೆ ಇನ್ನೊಂದ್ಸಲ ಅಳೋ ಚಾನ್ಸ್ ಬರೋದು ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ. ಅದೂ ಆ ಮೇಡಂಗೆ ಬೇರೆ ಕೆಲಸ ಇಲ್ದಿದ್ರೆ. ಪಾಪ ಅವ್ರಿಗೆ ವಾರಕ್ಕೆ ಇಷ್ಟು ಪೀರಿಯಡ್ ಇವಿಎಸ್ಸು, ಸಬ್‌ಸ್ಟಿಟ್ಯೂಷನ್ನು, ಬಸ್ ಡ್ಯೂಟಿ, ಜನವರಿ ಬಂದ್ರೆ ಅಡ್ಮಿಷನ್ ಡೆಸ್ಕು, ಯಾಕಂದ್ರೆ ಸೈಕಾಲಜಿ ಓದಿರೋದ್ರಿಂದ ಪೋಷಕರ ಹತ್ರ ಚೆನ್ನಾಗಿ ಮಾತಾಡ್ತಾರಂತೆ. ಅವ್ರ ರೂಮಿನ ಅರ್ಧ ಭಾಗದಲ್ಲಿ ಗಣೇಶ ಹಬ್ಬದ ಸೀರಿಯಲ್ ಸೆಟ್ಟು, ಒಡೆದ ಕೇರಂ ಬೋರ್ಡು, ಹೋದ್ವರ್ಷದ ರಾಜ್ಯೋತ್ಸವದ ಭುವನೇಶ್ವರಿ ಕಿರೀಟ. ಇನ್ನರ್ಧದಲ್ಲಿ ಎರಡು ಕುರ್ಚಿ, ಜ್ವರ ಬಂದ ಮಕ್ಳನ್ನ ಮಲಗಿಸೋ ಒಂದು ಬೆಂಚು. ಇಡ್ಲಿ ಒಂದ್ಸಲ ಧೈರ್ಯ ಮಾಡಿ ಹೋಗಿದ್ದ, ಬೆಂಚ್ ಮೇಲೆ ವಾಂತಿ ಮಾಡ್ಕೊಂಡ ಎರಡನೇ ಕ್ಲಾಸ್ ಪಾಪು ಮಲಗಿತ್ತು, ಮೇಡಂ ಅದ್ರ ಅಮ್ಮಂಗೆ ಫೋನ್ ಮಾಡ್ತಿದ್ರು, ಇವನನ್ನ ನೋಡಿ "ಏನ್ ಪುಟ್ಟಾ" ಅಂದ್ರು, ಇವ್ನು "ಏನಿಲ್ಲ ಮಿಸ್, ಚಾಕ್‌ಪೀಸ್ ಬೇಕಿತ್ತು" ಅಂದ.

ಅಷ್ಟಕ್ಕೂ ಅಲ್ಲಿಗೆ ಹೋಗೋದೇ ಒಂದು ಮಾನ ಹೋಗೋ ಕೆಲ್ಸ. ಗಲಾಟೆ ಮಾಡಿದೋನಿಗೆ ಟೀಚರ್ರು ಕೊಡೋ ವಾರ್ನಿಂಗೇ "ಇನ್ನೊಂದ್ಸಲ ಮಾಡು, ಕೌನ್ಸೆಲರ್ ಹತ್ರ ಕಳಿಸ್ತೀನಿ". ಮೊದ್ಲು ಬೆತ್ತ ಇತ್ತು, ಕಾಯ್ದೆ ಬಂದು ಅದನ್ನ ಕಿತ್ಕೊಂಡ್ತು, ಈಗ ಅದೇ ಮೂಲೇಲಿ ಕೌನ್ಸೆಲರ್ ಮೇಡಂನ ನಿಲ್ಸಿದಾರೆ.

ಜಾಗೃತಿ ಕಾರ್ಯಕ್ರಮ ಮಾತ್ರ ಯಾರೂ ಬೆರಳು ತೋರ್ಸೋ ಹಾಗಿಲ್ಲ, ಅಷ್ಟು ಜೋರು. ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಫ್ಲೆಕ್ಸ್ ಬಂತು, ಅದ್ರಲ್ಲಿ ಮಗು ಫೋಟೋ ಸ್ಟಾಂಪ್ ಸೈಜು, ಅಧ್ಯಕ್ಷರ ಫೋಟೋ ಬಾಗಿಲ ಸೈಜು. ಮುಖ್ಯ ಅತಿಥಿ ಬರೋದು ಲೇಟಾಯ್ತು, ಮಕ್ಳು ಬಿಸಿಲಲ್ಲಿ ಸಾಲಾಗಿ ನಿಂತಿದ್ವು, ಕೂತ್ರೆ ಯೂನಿಫಾರ್ಮ್ ಗಲೀಜಾಗುತ್ತೆ ಫೋಟೋ ಚೆನ್ನಾಗ್ ಬರಲ್ಲ ಅಂತ ಕೂರಿಸ್ಲಿಲ್ಲ. ಇಬ್ರು ಹುಡುಗೀರು ತಲೆ ಸುತ್ತಿ ಬಿದ್ರು, ಅವ್ರನ್ನ ಕೌನ್ಸೆಲರ್ ಬೆಂಚಿಗೆ ಸಾಗಿಸಿದ್ರು. ಆಮೇಲೆ ಸ್ಕಿಟ್ಟು, "ಸೇ ನೋ ಟು ಬುಲ್ಲಿಯಿಂಗ್". ಕ್ಲಾಸ್ ಟೀಚರ್ರು ಪಾತ್ರ ಹಂಚೋವಾಗ ಏಟು ತಿನ್ನೋ ಹುಡುಗನ ಪಾತ್ರಕ್ಕೆ ಇಡ್ಲೀನೇ ಆರಿಸಿದ್ರು, ನ್ಯಾಚುರಲ್ಲಾಗಿರುತ್ತೆ ಅಂತ. ಹೊಡೆಯೋ ಪಾತ್ರಕ್ಕೆ ದಿನಾ ಟಿಫನ್ ಬಾಕ್ಸ್ ಖಾಲಿ ಮಾಡೋ ಆಸಾಮೀನೇ. ಎರಡು ವಾರ ರಿಹರ್ಸಲ್ಲು, ದಿನಕ್ಕೆ ಮೂರು ಸಲ "ಇನ್ನೂ ಸ್ವಲ್ಪ ಜೋರಾಗಿ ತಳ್ಳೋ, ಹಿಂದೆ ಕೂತೋರ್ಗೂ ಕಾಣ್ಬೇಕು" ಅಂತ ಡೈರೆಕ್ಷನ್. ಇಷ್ಟು ದಿನ ಕದ್ದುಮುಚ್ಚಿ ಆಗ್ತಿದ್ದಿದ್ದು ಆ ಎರಡು ವಾರ ಟೀಚರ್ ಸಮ್ಮುಖದಲ್ಲಿ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಸಮೇತ ಆಯ್ತು. ಫಸ್ಟ್ ಪ್ರೈಜ್ ಬಂತು. ಬೆಸ್ಟ್ ಆಕ್ಟರ್ ಹೊಡೆದೋನಿಗೆ.

ಕೊನೇಲಿ ಪ್ರತಿಜ್ಞೆ. "ಐ ಪ್ಲೆಡ್ಜ್" ಅಂತ ಬಲಗೈ ಮುಂದಕ್ಕೆ ಚಾಚಿ, ಮುಂದಿನೋನ ತಲೆಗೆ ಒಂದು ಮೊಟಕು ಕೊಟ್ಕೊಂಡೇ ಎಲ್ಲಾ ಹೇಳಿದ್ವು.

ಇನ್ನು ಪೋಷಕರು. ಇಡ್ಲಿಯ ಅಮ್ಮ ತಡೀಲಾರ್ದೆ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ "ನನ್ನ ಮಗನ ಊಟ ಯಾರೋ ದಿನಾ ತಿಂತಿದಾರೆ, ದಯವಿಟ್ಟು ಮಕ್ಳಿಗೆ ತಿಳಿಹೇಳಿ" ಅಂತ ಹಾಕಿದ್ರು. ಒಬ್ರು ಮುಗಿದ ಕೈ ಇಮೋಜಿ, ಒಬ್ರು "ಬಾಯ್ಸ್ ಅಂದ್ಮೇಲೆ ಇದೆಲ್ಲಾ ಕಾಮನ್ ಮೇಡಂ", ಒಬ್ರು "ನಮ್ಮನೆಯವ್ನು ಅಂತವ್ನಲ್ಲ", ಅವ್ರನ್ನ ಯಾರೂ ಕೇಳಿರ್ಲೇ ಇಲ್ಲ. ಒಬ್ಬ ಅಪ್ಪ ದೊಡ್ಡ ವಾಯ್ಸ್ ನೋಟ್ ಕಳಿಸಿದ್ರು, ನಮ್ ಕಾಲದಲ್ಲಿ ಛಡಿ ಚಂ ಚಂ ವಿದ್ಯಾ ಘಂ ಘಂ ಅಂತಿದ್ರು, ನಾವೂ ಒದೆ ತಿಂದೇ ಬೆಳ್ದಿದ್ದು, ಏನಾಯ್ತು ನಮ್ಗೆ, ಅಂತ. ಏನಾಯ್ತು ಅಂತ ಅವ್ರ ಹೆಂಡ್ತೀನ, ಅವ್ರ ಕೈಕೆಳಗೆ ಕೆಲಸ ಮಾಡೋರನ್ನ, ಸಿಗ್ನಲ್ಲಲ್ಲಿ ಅವ್ರ ಮುಂದೆ ಆಟೋ ನಿಲ್ಸಿದೋರನ್ನ ಕೇಳ್ಬೇಕು. ಹತ್ತು ನಿಮಿಷದಲ್ಲಿ ಆ ಅಮ್ಮಂಗೆ ಗ್ರೂಪಿನ ಅರ್ಧ ಜನ ಸೇರಿ ಬುದ್ಧಿ ಹೇಳಿ, ಓವರ್ ಸೆನ್ಸಿಟಿವ್ ಅಂತ ಸರ್ಟಿಫಿಕೇಟ್ ಕೊಟ್ಟು, ಅಡ್ಮಿನ್ ಟೀಚರ್ರು ಗ್ರೂಪನ್ನ "ಓನ್ಲಿ ಅಡ್ಮಿನ್ಸ್" ಮಾಡಿ ಕೈ ತೊಳ್ಕೊಂಡ್ರು. ಮಕ್ಳಿಗೆ ಎಲ್ಲಿಂದ ಬರುತ್ತೆ ಈ ವಿದ್ಯೆ ಅಂತ ಸುಮ್ನೆ ತಲೆ ಕೆಡಿಸ್ಕೊಂಡಿದ್ವಿ.

ಆಮೇಲೆ ಶುರುವಾಯ್ತು ಸೋಮವಾರದ ಹೊಟ್ಟೆನೋವು. ಭಾನುವಾರ ರಾತ್ರಿ ಚಿಗುರಿ ಸೋಮವಾರ ಏಳೂವರೆಗೆ, ಸ್ಕೂಲ್ ಬಸ್ ಹಾರ್ನ್ ಕೇಳ್ತಿದ್ದ ಹಾಗೆ ಜೋರಾಗಿ, ಬಸ್ ಹೋದ್ಮೇಲೆ ಇಳಿಯೋದು. ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದ್ರು, ಘಾಟು ಬರ್ಲಿಲ್ಲ, ಭಾರಿ ದೃಷ್ಟಿ ಆಗಿದೆ ಅಂದ್ರು. ಡಾಕ್ಟ್ರು ಜಂತುಹುಳು ಅಂತ ಮಾತ್ರೆ ಕೊಟ್ರು. ಅದು ಸ್ಕೂಲಲ್ಲೂ ಫೆಬ್ರವರಿ 10ಕ್ಕೆ ಸರ್ಕಾರದೋರೇ ಕೊಡ್ತಾರೆ, ಹೊಟ್ಟೇಲಿರೋ ಹುಳಕ್ಕೆ ನಮ್ಮಲ್ಲಿ ರಾಷ್ಟ್ರೀಯ ದಿನಾನೇ ಇದೆ. ಇನ್ನೊಬ್ರು ಸ್ಕ್ಯಾನಿಂಗ್ ಬರ್ದ್ರು, ನಾರ್ಮಲ್ ಬಂತು, ಮತ್ತೊಬ್ರು ಗ್ಯಾಸ್ ಅಂದ್ರು. ಜ್ಯೋತಿಷಿ ರಾಹು ಅಂದ್ರು. ಫೀಸ್ ಎಲ್ರೂ ತಗೊಂಡ್ರು, ಊಟದ ಡಬ್ಬಿ ಯಾಕೆ ಮಗಾ ಇಷ್ಟು ನೀಟಾಗಿ ಖಾಲಿಯಾಗಿ ಬರುತ್ತೆ ಅಂತ ಯಾರೂ ಕೇಳ್ಲಿಲ್ಲ.

ಕೊನೆಗೆ ಯಾರೋ ಪುಣ್ಯಾತ್ಮರು ಮನಸ್ಸಿನ ಡಾಕ್ಟ್ರಿಗೆ ತೋರ್ಸಿ ಅಂದ್ರು. ಅಪ್ಪ "ನನ್ ಮಗಂಗೇನು ಹುಚ್ಚಾ" ಅಂತ ಒಂದು ತಿಂಗ್ಳು ಹಾರಾಡಿ ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡ್ ಹೋದ್ರು. ಬುಧವಾರ. ಮನೋವೈದ್ಯರು ಇಲ್ಲ. ನಮ್ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ, ಶುರುವಾಗಿ ಹತ್ತು ವರ್ಷದ ಮೇಲಾಯ್ತು, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋದು ಮಂಗಳವಾರ, ಅದಕ್ಕೇ ಸೂಪರ್ ಟ್ಯೂಸ್‌ಡೇ ಕ್ಲಿನಿಕ್ ಅಂತ ಹೆಸರು. ಯೋಜನೆ ಒಳ್ಳೇದೇ, ಸುಳ್ಳು ಹೇಳ್ಬಾರ್ದು, ಅದೂ ಇಲ್ದಿರೋ ರಾಜ್ಯಗಳು ಎಷ್ಟೋ ಇವೆ, ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ನೋಡ್ಕೊಳೋದು ಹೆಂಗೆ ಅಂತ ದೇಶಕ್ಕೇ ತೋರ್ಸಿದ್ದು ನಮ್ಮ ಬಳ್ಳಾರಿ, ಅದನ್ನೇ ಮಾದರಿ ಇಟ್ಕೊಂಡು 1996ರಲ್ಲಿ ಕೇಂದ್ರದೋರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ರು. ನಿಮ್ಹಾನ್ಸ್ ಇರೋದೂ ನಮ್ಮಲ್ಲೇ. ಅವ್ರು ಮುಂದೆ ನಿಂತು ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೇಲಿ 13ರಿಂದ 17 ವರ್ಷದ ಮಕ್ಳಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದ್ರೆ ಇತ್ತು, 40 ಜನರ ಕ್ಲಾಸಲ್ಲಿ ಹೆಚ್ಚುಕಮ್ಮಿ ಮೂವರು. ತೊಂದ್ರೆ ಏನಪ್ಪಾ ಅಂದ್ರೆ ಈ ಮೂವರು ಸಂಕಟಕ್ಕೆ ಕ್ಯಾಲೆಂಡರ್ ನೋಡ್ಕೊಂಡು ಬರೋದನ್ನ ಕಲಿತಿಲ್ಲ. ಓಪಿಡಿ ಚೀಟಿ ಬರ್ಯೋರು ಹೇಳಿದ್ರು, ಮುಂದಿನ ಮಂಗಳವಾರ ಬನ್ನಿ, ಅವತ್ತು ಹಬ್ಬದ ರಜಾ ಇದ್ಯಾ ನೋಡ್ಕೊಂಡ್ ಬನ್ನಿ.

ಅಲ್ಲೀವರ್ಗೆ ಏನ್ ಮಾಡೋದು ಅಂದ್ರೆ ಮನಸ್ಸಿನ ಸಂಕಟಕ್ಕೆ ಅಂತ ಸರ್ಕಾರದ ಸಹಾಯವಾಣಿ ಟೆಲಿಮಾನಸ್ ಇದೆ, 14416, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು. ಮಕ್ಳಿಗೆ ಅಂತ 1098 ಮೊದ್ಲಿಂದ್ಲೂ ಇದೆ. ಇವೆರಡೂ ನಿಜವಾಗ್ಲೂ ಕೆಲಸಕ್ಕೆ ಬರೋವು, ತಮಾಷೆ ಇಲ್ಲ, ಬರ್ಕೊಳಿ. ಸ್ಕೂಲಲ್ಲೂ ಪೋಸ್ಟರ್ ಅಂಟಿಸಿದಾರೆ, ಅದ್ರ ಪಕ್ಕದಲ್ಲೇ ಇನ್ನೊಂದು ಪೋಸ್ಟರ್ ಇದೆ, "ಮೊಬೈಲ್ ಫೋನ್ ತಂದ್ರೆ 1000 ರೂಪಾಯಿ ದಂಡ". ಮನೆಗೆ ಬಂದು ಅಪ್ಪನ ಫೋನ್ ತಗೊಂಡ್ರೆ "ಯಾರಿಗೋ ಮಾಡ್ತಿದೀಯಾ, ಸ್ಪೀಕರ್ ಹಾಕು".

ಕಮಿಟಿ ಮೀಟಿಂಗ್ ಮಾರ್ಚಲ್ಲಿ ಆಯ್ತು, ವರ್ಷಕ್ಕೊಂದಾದ್ರೂ ಆಗ್ಲೇಬೇಕಲ್ಲ. ಸ್ಕೂಲ್ ಡಾಕ್ಟ್ರು ಬರ್ಲಿಲ್ಲ, ವಕೀಲ್ರು ಫೋನಲ್ಲೇ ಒಪ್ಪಿಗೆ ಕೊಟ್ರು, ಕೌನ್ಸೆಲರ್ ಮೇಡಂ ಅಡ್ಮಿಷನ್ ಡೆಸ್ಕಲ್ಲಿದ್ರು, ಮಕ್ಳ ಪ್ರತಿನಿಧಿಯಾಗಿ ನಮ್ಮ ಬೆಸ್ಟ್ ಆಕ್ಟರ್ರು ಬಂದಿದ್ದ, ಲೀಡರ್‌ಶಿಪ್ ಗುಣ ಇದೆ ಅಂತ ಪಿಟಿ ಮೇಷ್ಟ್ರೇ ಶಿಫಾರಸು ಮಾಡಿದ್ದು. ಆ ಹುಡುಗ ದಿನಾ ಇನ್ನೊಬ್ಬನ ಡಬ್ಬಿ ಯಾಕೆ ತಿಂತಾನೆ, ಬೆಳಗ್ಗೆ ಅವ್ನ ಮನೇಲಿ ಒಲೆ ಹೊತ್ತಿಸೋರು ಇದಾರಾ, ಕತ್ತಿನ ಹಿಂದೆ ಬೆಲ್ಟಿನ ಬಾಸುಂಡೆ ಎಲ್ಲಿಂದ ಬಂತು, ಅದನ್ನೂ ಯಾರೂ ಕೇಳಿಲ್ಲ, ಅಜೆಂಡಾದಲ್ಲಿ ಇರ್ಲಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆದ್ರು: ಸ್ವೀಕರಿಸಿದ ದೂರುಗಳು ಸೊನ್ನೆ, ಬಾಕಿ ಸೊನ್ನೆ, ಇತ್ಯರ್ಥ ನೂರಕ್ಕೆ ನೂರು. ಬಾದಾಮಿ ಹಾಲು, ಖಾರದ ಗೋಡಂಬಿ.

ಏಪ್ರಿಲ್ ಹೊತ್ತಿಗೆ ಬೈಪಾಸಲ್ಲಿ ಹೊಸ ಹೋರ್ಡಿಂಗ್ ಎದ್ದು ನಿಂತಿತ್ತು, "ತಾಲ್ಲೂಕಿನ ಮೊಟ್ಟಮೊದಲ ಬುಲ್ಲಿಯಿಂಗ್ ಮುಕ್ತ ಕ್ಯಾಂಪಸ್". ಫೀಸ್ ಪಟ್ಟಿಯಲ್ಲಿ ವೆಲ್‌ನೆಸ್ ಚಾರ್ಜ್ ಅಂತ ಒಂದು ಸಾಲು ಜಾಸ್ತಿ ಆಗಿದೆ, ವಾಪಸ್ ಕೊಡಲ್ಲ ಅಂತ ಕೆಳಗೆ ಸಣ್ಣಕ್ಷರದಲ್ಲಿ. ಅಡ್ಮಿಷನ್‌ಗೆ ಬಂದಿದ್ದ ಒಬ್ರು ಆ ಸಾಲಿನ ಮೇಲೆ ಬೆರಳಿಟ್ಟು "ಇದೇನ್ ಸರ್" ಅಂದ್ರು. "ಮಕ್ಳ ಮನಸ್ಸಿನ ಆರೋಗ್ಯಕ್ಕೆ ಸರ್, ವಾರಕ್ಕೊಂದು ಪೀರಿಯಡ್ ಇರುತ್ತೆ" ಅಂದ್ರು ಕೌಂಟರ್‌ನೋರು.

"ಅದಿರ್ಲಿ, ಎಂಟನೇ ಕ್ಲಾಸಿಂದ್ಲೇ ನೀಟ್ ಫೌಂಡೇಶನ್ ಇದ್ಯಾ?"

"ಇದೆ ಸರ್. ಅದನ್ನ ಆ ಪೀರಿಯಡ್ಡಲ್ಲೇ ತಗೊಳೋದು."