ಸ್ಪಷ್ಟನೆ: ಬೆಣ್ಣೆ ಸುರಿದರಷ್ಟೇ ದಾವಣಗೆರೆ ದೋಸೆ ಆಗಲ್ಲ

ನಮ್ಮೂರಿನ ಹಳೇ ದೋಸೆ ಹೋಟೆಲ್‌ಗಳನ್ನು ಹೊಗಳುವ ಒಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಪ್ರೀತಿಯಿಂದಲೇ ಬರೆದಿದ್ದಾರೆ, ಸಂತೋಷ. ಆದರೆ ಅದರಲ್ಲಿ ಎರಡು ಮಾತು ತಪ್ಪಿವೆ.

ಬೆಂಗಳೂರಿನಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡ್ ಇರುವುದೆಲ್ಲ ಇಲ್ಲಿನ ಒಂದೇ ಹೋಟೆಲಿನ ಶಾಖೆ ಎಂದಿದೆ. ಹಾಗಿಲ್ಲ. ಅದು ಊರಿನ ಹೆಸರು, ಬೇರೆ ಬೇರೆ ಮಾಲೀಕರು ಇಟ್ಟುಕೊಂಡಿದ್ದಾರೆ.

ಇನ್ನೊಂದು, ಮಾಮೂಲಿ ದೋಸೆಗೆ ಬೆಣ್ಣೆ ಜಾಸ್ತಿ ಹಾಕಿದರೆ ಸಾಕು ಎನ್ನುವುದು. ಇದು ನನಗೆ ನಿಜಕ್ಕೂ ಬೇಜಾರು ತಂದಿತು. ಈ ದೋಸೆಯ ಗುಟ್ಟು ಹಿಟ್ಟಿನಲ್ಲೇ ಶುರುವಾಗುತ್ತದೆ. ಅಕ್ಕಿ, ಉದ್ದಿನಬೇಳೆ ಜೊತೆ ಮಂಡಕ್ಕಿಯೂ ಸೇರುತ್ತದೆ. ಅದಕ್ಕೇ ಒಳಗೆ ಅಷ್ಟು ಮೆತ್ತಗೆ. ಹಳೇ ಹೋಟೆಲ್‌ಗಳಲ್ಲಿ ಸೌದೆ ಒಲೆಯ ಮೇಲೆ ದಪ್ಪ ಕಾವಲಿ, ಹದವಾದ ಉರಿ. ಆ ಉರಿ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಬೆಣ್ಣೆ ಬರುವುದು ಆಮೇಲೆ. ಜೊತೆಗೆ ಅರಿಶಿನ ಹಾಕದ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ. ಸಾಂಬಾರ್ ಕೊಡುವುದು ಇಲ್ಲಿನ ಹಳೇ ರೂಢಿಯಲ್ಲ.

1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬುವರು ನಾಟಕ ಥಿಯೇಟರ್ ಹತ್ತಿರ ರಾಗಿ ದೋಸೆ ಮಾರುತ್ತಿದ್ದರು, ಅಲ್ಲಿಂದ ಇದೆಲ್ಲ ಬೆಳೆಯಿತು ಎಂದು ಊರಲ್ಲಿ ಹೇಳುತ್ತಾರೆ. ಹೋಟೆಲ್‌ಗಳನ್ನು ಗೌರವಿಸುವಾಗ ಆ ತಾಯಿಯ ಹೆಸರು ಬಿಟ್ಟುಹೋಗಬಾರದು, ಅಲ್ವಾ? ಸಂದೇಶವನ್ನು ಮುಂದೆ ಕಳಿಸುವವರು ದಯವಿಟ್ಟು ತಿದ್ದಿ ಕಳಿಸಿ.