ಕ್ಲಚ್ಚಿಗೆ ಜ್ವರ, ಗೇರ್‌ಬಾಕ್ಸಿಗೆ ಬರೆ

ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದ ಪುಣ್ಯಾತ್ಮ ಈಗ ಇದ್ದಿದ್ದರೆ ಖಂಡಿತ ಕಾರು ರಿಪೇರಿ ಮಾಡುತ್ತಿದ್ದ. ಗೇರ್ ಬೀಳುತ್ತಿಲ್ಲ ಎಂದ ಕೂಡಲೇ ಸ್ಪ್ಯಾನರ್ ಹಿಡಿದು ಕಾರಿನಡಿ ತೂರುವವರೆಲ್ಲ ಅವನ ವಂಶಸ್ಥರೇ. ಸಣ್ಣ ಕಾರಿನ ಗೇರ್‌ಬಾಕ್ಸ್ ಎಂದರೆ ಸುಮಾರು 30 ಕಿಲೋ ತೂಕದ ಅಲ್ಯುಮಿನಿಯಂ ಡಬ್ಬಿ. ಪಾಪ, ಎರಡು ಎರಡೂವರೆ ಲೀಟರ್ ಎಣ್ಣೆಯೊಳಗೆ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ಕಿತಾಪತಿ ಮಾಡುವವರು ಅಕ್ಕಪಕ್ಕದವರು.

ಮೊದಲ ಆರೋಪಿ ಕಾಲಡಿಯ ಮ್ಯಾಟ್. ನಗಬೇಡಿ. ಹೊಸದಾಗಿ ಹಾಸಿದ ದಪ್ಪ ಮ್ಯಾಟ್ ಮುಂದಕ್ಕೆ ಜಾರಿ ಕ್ಲಚ್ ಪೆಡಲ್ ಕೆಳಗೆ ಮಡಚಿ ಕೂತರೆ ಪೆಡಲ್ ಪೂರ್ತಿ ಕೆಳಗಿಳಿಯುವುದಿಲ್ಲ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಕೊಂಡಿಯಾದ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಗೇರ್ ಕರ್ರ್ ಎನ್ನುತ್ತದೆ. ಈ ರಿಪೇರಿಗೆ ಬೇಕಾದ ಉಪಕರಣ ಒಂದು ಕೈ.

ಮ್ಯಾಟ್ ನಿರಪರಾಧಿಯಾದರೆ ಎಂಜಿನ್ ಆಫ್ ಮಾಡಿ, ನಿಂತ ಕಾರಿನಲ್ಲೇ ಒಂದೊಂದಾಗಿ ಗೇರ್ ಹಾಕಿ ನೋಡಿ. ಹಲ್ಲಿಗೆ ಹಲ್ಲು ತಾಗಿ ಒಂದೆರಡು ಗೇರ್ ಮೊಂಡು ಹಿಡಿಯಬಹುದು. ಕಾರನ್ನು ಒಂದು ಗೇಣು ತಳ್ಳಿದರೆ ಸರಿಹೋಗುತ್ತದೆ. ಆಫ್ ಇದ್ದಾಗ ಸಲೀಸಾಗಿ ಬೀಳುವ ಗೇರ್ ಎಂಜಿನ್ ಶುರುವಾದ ಮೇಲೆ ಮುಷ್ಕರ ಹೂಡಿದರೆ ತಪ್ಪು ಕ್ಲಚ್ಚಿನದು. ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ: ಪೆಡಲ್ ಪೂರ್ತಿ ಒತ್ತಿ, ಐದಾರು ಸೆಕೆಂಡ್ ಕಾದು, ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಕ್ಲಚ್ಚಿನಿಂದ ಗೇರ್‌ಬಾಕ್ಸಿನೊಳಗೆ ಹೋಗುವ ಇನ್‌ಪುಟ್ ಶಾಫ್ಟ್ ತಿರುಗುವುದನ್ನು ನಿಲ್ಲಿಸಿರಬೇಕು. ಆಗಲೂ ಕರ್ರ್ ಎಂದರೆ ಕ್ಲಚ್ ಪ್ಲೇಟ್ ಇನ್ನೂ ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ಗೆ ಉಜ್ಜಿಕೊಂಡೇ ಇದೆ. ಕೇಬಲ್ ಇರುವ ಕಾರಾದರೆ ಅದು ಸಡಿಲವಾಗಿದೆಯೇ, ಎಳೆ ಬಿಟ್ಟಿದೆಯೇ ನೋಡಿ. ಹೈಡ್ರಾಲಿಕ್ ಆದರೆ ಫ್ಲೂಯಿಡ್ ಮಟ್ಟ, ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರ್ ಸೋರಿಕೆ, ಪೈಪಿನಲ್ಲಿ ಗಾಳಿ. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದಾಗ ಮಾತ್ರ ಗೇರ್ ಬೀಳುತ್ತದೆಂದರೆ ಬಹುಮಟ್ಟಿಗೆ ಅದು ಗಾಳಿಯ ಕೆಲಸ.

‘ಗೇರ್ ಸ್ಲಿಪ್ ಆಗ್ತಿದೆ’ ಎಂಬ ದೂರೂ ಇಲ್ಲೇ ಬರುತ್ತದೆ. ಕೈಯಲ್ಲಿ ಹಾಕುವ ಗೇರ್ ಬಿದ್ದಿರುತ್ತದೆ, ಇಲ್ಲವೇ ಕಳಚಿಕೊಂಡು ನ್ಯೂಟ್ರಲ್ಲಿಗೆ ಬರುತ್ತದೆ. ಸ್ಲಿಪ್ ಆಗುವುದು ಕ್ಲಚ್ಚು. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗು ಮೇಲೇರಿ ವೇಗ ಮಾತ್ರ ಇದ್ದಲ್ಲೇ ಇದ್ದರೆ ಪ್ಲೇಟ್ ಸವೆದಿದೆ ಎಂದರ್ಥ.

ನಿಜಕ್ಕೂ ಕಳಚಿಕೊಳ್ಳುವ ಗೇರ್‌ಗೂ ಮೊದಲು ಹೊರಗಿನ ತಪಾಸಣೆಯೇ ಆಗಬೇಕು. ಲಿವರ್ ಹುಳಿಗೆ ಹಾಕಿದ ಸೌಟಿನಂತೆ ಎತ್ತ ಬೇಕೆಂದರತ್ತ ಆಡುತ್ತಿದ್ದರೆ ಅದರ ಕೀಲಿನಲ್ಲಿರುವ ಬೆರಳಿನುಗುರಿನಷ್ಟಿನ ಪ್ಲಾಸ್ಟಿಕ್ ಬುಷ್ ಪುಡಿಯಾಗಿರುತ್ತದೆ. ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ ಒಂದು ಕಡೆಗೆ ವಾಲಿ, ಗೇರ್‌ಬಾಕ್ಸನ್ನೂ ಎಳೆದುಕೊಂಡು, ತಾನೇ ಗೇರ್ ತೆಗೆದುಬಿಡುತ್ತದೆ. ಇವೆರಡೂ ಸರಿಯಿದ್ದರೆ ಮಾತ್ರ ಒಳಗೆ ಗೇರ್ ಸರಿಸುವ ಸೆಲೆಕ್ಟರ್ ಫೋರ್ಕ್, ಅದನ್ನು ಜಾಗದಲ್ಲಿ ಹಿಡಿದಿಡುವ ಡಿಟೆಂಟ್ ಸ್ಪ್ರಿಂಗು, ಗೇರನ್ನು ಕಚ್ಚಿ ಹಿಡಿಯುವ ಡಾಗ್ ಹಲ್ಲುಗಳ ಮೇಲೆ ಅನುಮಾನ. ಅಂದಹಾಗೆ, ಫೋರ್ಕ್ ಸವೆಸುವ ಅತ್ಯುತ್ತಮ ವಿಧಾನವೆಂದರೆ ಓಡಿಸುವಾಗ ಎಡಗೈಯನ್ನೋ ಬಲಗೈಯನ್ನೋ ಗೇರ್ ಲಿವರ್ ಮೇಲೆ ಆರಾಮಾಗಿ ಇಟ್ಟುಕೊಂಡಿರುವುದು. ಆ ಕೈಯ ಭಾರ ಫೋರ್ಕನ್ನು ಅದು ಸರಿಸುವ, ತಿರುಗುತ್ತಲೇ ಇರುವ ಬಳೆಗೆ (ಸ್ಲೀವ್) ಒತ್ತಿ ದಿನವಿಡೀ ಸಾಣೆ ಹಿಡಿಸುತ್ತದೆ.

ಇನ್ನು ಸದ್ದು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಗರಗರ ಕೇಳಿಸಿ, ಪೆಡಲ್ ಒತ್ತಿದ ಕೂಡಲೇ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್. ಒತ್ತಿದಾಗಲೇ ಶುರುವಾದರೆ ಕ್ಲಚ್ಚನ್ನು ಬಿಡಿಸಲು ತಳ್ಳುವ ರಿಲೀಸ್ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಎಂದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್. ಒಂದೇ ಗೇರ್‌ನಲ್ಲಿ, ಬಹಳ ಸಲ ಎರಡನೆಯದರಲ್ಲಿ, ಬೇಗ ಬದಲಿಸಿದಾಗ ಮಾತ್ರ ಕರ್ರ್ ಎಂದರೆ, ಹಲ್ಲು ಕೂಡುವ ಮುಂಚೆ ಎರಡೂ ಕಡೆಯ ವೇಗ ಸಮ ಮಾಡುವ ಸಿಂಕ್ರೊ ರಿಂಗ್ ಸವೆದಿದೆ. 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೊ ಬರುವ ಮುಂಚೆ ಗೇರ್ ಬದಲಿಸಲು ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಪೆಡಲ್ ಬಿಟ್ಟು ಮತ್ತೆ ಒತ್ತುವ ಕಸರತ್ತು ಮಾಡಬೇಕಿತ್ತು. ಅದೇ ಕಸರತ್ತು ಮಾಡಿದಾಗ ನಿಮ್ಮ ಎರಡನೇ ಗೇರ್ ಸದ್ದಿಲ್ಲದೆ ಬಿದ್ದರೆ ರೋಗ ಖಾತ್ರಿ.

ಡಬ್ಬಿ ಬಿಚ್ಚುವ ಮುಂಚೆ ಎಣ್ಣೆಯನ್ನಾದರೂ ವಿಚಾರಿಸಿ. ಇಲ್ಲೊಂದು ಪ್ರಖ್ಯಾತ ದುರಂತವಿದೆ. ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ, ಎಣ್ಣೆಯೆಲ್ಲ ಸುರಿದು, ಆಮೇಲೆ ಪಕ್ಕದಲ್ಲಿ ಹೊಸ ಎಣ್ಣೆ ತುಂಬುವ ಫಿಲ್ಲರ್ ಪ್ಲಗ್ಗಿಗೆ ಸ್ಪ್ಯಾನರ್ ಇಟ್ಟರೆ ಅದು ಹುಟ್ಟಿದಾಗಿನಿಂದ ಅಲುಗಿಲ್ಲದಂತೆ ಕೂತಿರುತ್ತದೆ; ಬಲ ಹಾಕಿದರೆ ಮೂಲೆಗಳು ಉರುಟಾಗುತ್ತವೆ. ಈಗ ಕಾರು ಮುಂದೆಯೂ ಹೋಗದು, ಹಿಂದೆಯೂ ಬಾರದು. ಆದ್ದರಿಂದ ಫಿಲ್ಲರ್ ಮೊದಲು, ಡ್ರೇನ್ ನಂತರ. ಕಾರು ಸ್ಟ್ಯಾಂಡ್‌ಗಳ ಮೇಲೆ ಸಮತಟ್ಟಾಗಿ ನಿಂತಿರಲಿ, ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ.

ಡ್ರೇನ್ ಪ್ಲಗ್ಗಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲಿನ ಕೆಸರನ್ನು ಬೆರಳಲ್ಲಿ ತೀಡಿ. ಕಾಡಿಗೆಯಂತೆ ನುಣ್ಣಗಿನ ಬೂದು ಲೇಪ ವಯಸ್ಸಿನ ಲಕ್ಷಣ, ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಎಣ್ಣೆಯಲ್ಲಿ ಚಿನ್ನದ ಪುಡಿ ಮಿನುಗಿದರೆ ಹಿಗ್ಗಬೇಡಿ, ಅದು ಹಿತ್ತಾಳೆಯ ಸಿಂಕ್ರೊ ರಿಂಗ್. ಕಾರಿನ ಕೈಪಿಡಿಯಲ್ಲಿ ‘75ಡಬ್ಲ್ಯೂ-90 ಜಿಎಲ್-4’ ದರ್ಜೆಯ ಎಣ್ಣೆ ಎಂದಿದ್ದರೆ ಅದನ್ನೇ ಹಾಕಿ. ‘ಐದು ನಾಲ್ಕಕ್ಕಿಂತ ದೊಡ್ಡದಲ್ಲವೇ’ ಎಂಬ ಗಣಿತ ಇಲ್ಲಿ ನಡೆಯುವುದಿಲ್ಲ. ಜಿಎಲ್-5ರಲ್ಲಿ ಹೆಚ್ಚಿರುವ ಗಂಧಕ-ರಂಜಕದ ಸೇರ್ಪಡೆಗಳು ಕೆಲವು ಎಣ್ಣೆಗಳಲ್ಲಿ ಹಿತ್ತಾಳೆಯನ್ನು ತಿನ್ನುತ್ತವೆ, ಸಿಂಕ್ರೊಗೆ ಬೇಕಾದ ಹಿಡಿತವನ್ನೂ ಜಾರಿಸುತ್ತವೆ. ಫಿಲ್ಲರ್ ತೂತಿನ ಕೆಳ ಅಂಚಿಗೆ ಎಣ್ಣೆ ಬಂದು ತೊಟ್ಟಿಕ್ಕಿದರೆ ಸಾಕು. ಹೊಸ ವಾಷರ್ ಹಾಕಿ.

ಇಷ್ಟಾದರೂ ಗೇರ್‌ಬಾಕ್ಸ್ ಇಳಿಸಲೇಬೇಕೆಂದಾದರೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಚಕ್ರದ ನಡುವಿನ ಹಬ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬಿಗಿಯುವ ಬೆಲ್ ಹೌಸಿಂಗ್ ಬೋಲ್ಟುಗಳು ಒಂದೊಂದು ಒಂದೊಂದು ಉದ್ದ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಗೀಚಿ ಅವವೇ ಜಾಗದಲ್ಲಿ ಚುಚ್ಚಿಡಿ. ಡಬ್ಬಿಯನ್ನೇ ಬಿಚ್ಚಿದರೆ ಡಿಟೆಂಟ್ ಗುಂಡು ಸ್ಪ್ರಿಂಗಿನಿಂದ ಚಿಮ್ಮಿ, ಬೀರುವಿನಡಿಯ ತಲುಪಲಾಗದ ಮೂಲೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಮೊದಲೇ ಮೇಲೊಂದು ಬಟ್ಟೆ ಹಾಕಿ. ಸಿಂಕ್ರೊ ರಿಂಗನ್ನು ಗೇರಿನ ಕೋನಿನ ಮೇಲೆ ಒತ್ತಿ, ರಿಂಗಿಗೂ ಗೇರಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ: ಹೊಸದರಲ್ಲಿ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು ಸಂದು ಇರುತ್ತದೆ, 0.5ಕ್ಕೆ ಇಳಿದಿದ್ದರೆ ಅದರ ಕಥೆ ಮುಗಿಯಿತು.

ಇಳಿಸುವುದು ಅರ್ಧ ದಿನವಾದರೆ ಏರಿಸುವುದು ಉಳಿದ ಆಯುಷ್ಯ. ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಟೂಲ್ ಇಟ್ಟು ನಡುಮಧ್ಯಕ್ಕೆ ಕೂರಿಸದಿದ್ದರೆ ಶಾಫ್ಟ್ ಒಳಹೋಗುವುದೇ ಇಲ್ಲ. ಹೋಗದಿದ್ದಾಗ ಗೇರ್‌ಬಾಕ್ಸನ್ನು ಶಾಫ್ಟಿನ ಮೇಲೆ ನೇತುಬಿಟ್ಟರೆ ಹೊಸ ಪ್ಲೇಟ್ ಸೊಟ್ಟ. ಬೋಲ್ಟ್ ಬಿಗಿದು ಎಳೆದರೆ ಹೌಸಿಂಗಿನ ಕಿವಿ ಮುರಿದು ಕೈಗೆ. ಐದನೇ ಗೇರ್ ಹಾಕಿಟ್ಟು, ಡ್ರೈವ್ ಶಾಫ್ಟ್ ಕೂರುವ ಕಡೆಯಿಂದ ಒಬ್ಬರು ತುಸು ತುಸು ತಿರುಗಿಸುತ್ತಿರಲಿ, ಇನ್ನೊಬ್ಬರು ತಳ್ಳಲಿ. ಹಲ್ಲು ಕೂಡಿದಾಗ ಡಬ್ಬಿ ತಾನಾಗಿ ಸುಳಕ್ಕನೆ ಒಳಸೇರುತ್ತದೆ.

ಎಲ್ಲ ಮುಗಿಸಿ ಕೀ ತಿರುಗಿಸಿದಾಗ ಬರೀ ಟಕ್ ಎಂದರೆ ಅಳಬೇಡಿ, ಬಹುಶಃ ಕರೆಂಟ್ ವಾಪಸ್ ಹೋಗುವ ಅರ್ತ್ ಪಟ್ಟಿ ಜೋಡಿಸುವುದು ಮರೆತಿದೆ. ಕಾರು ಹೊರಟಿತು, ಎರಡನೇ ಗೇರ್ ಬೆಣ್ಣೆಯಂತೆ ಬಿತ್ತು. ತಿರುಗಿಸಲು ರಿವರ್ಸ್ ಹಾಕಿದರೆ ‘ಊಂಯ್‌ಯ್’ ಎಂಬ ಆಲಾಪ! ಸ್ಪ್ಯಾನರ್ ಕೆಳಗಿಡಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ರಿವರ್ಸಿನ ಹಲ್ಲು ನೇರ, ಅದು ಶೋರೂಮಿನಿಂದ ಹೊರಬಂದ ದಿನವೂ ಹೀಗೇ ಹಾಡುತ್ತಿತ್ತು. ನಿಮ್ಮ ಕಿವಿ ಮಾತ್ರ ಹೊಸದಾಗಿ ರಿಪೇರಿಯಾಗಿದೆ.