ನಾಳೆ ಬಾ

ಮೊನ್ನೆ ಮತ್ತೆ ಮೇಲ್ ಬಂತು. ಎರಡೇ ಸಾಲು. ನೀವು ಬುಕ್ ಮಾಡಿದ ಗೊಂಬೆ ಮೂರನೇ ತ್ರೈಮಾಸಿಕದಲ್ಲಿ ಬರುವುದಿಲ್ಲ, ನಾಲ್ಕನೆಯದಕ್ಕೆ ಹೋಗಿದೆ, ನಿಮ್ಮ ತಾಳ್ಮೆಗೆ ಧನ್ಯವಾದ. ನನಗೆ ತಾಳ್ಮೆ ಇದೆ ಅಂತ ಅವರಿಗೆ ಯಾರು ಹೇಳಿದರೋ! ಇದು ನಾಲ್ಕನೇ ಸಲ. 1990ರ ದಶಕದಲ್ಲಿ ಬೆಂಗಳೂರಿನ ಕಡೆ ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವವನ್ನು ಸಾಗಹಾಕಲು ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ದೆವ್ವ ಅದನ್ನು ಓದಿ ಹೋಗಿ, ಮರುದಿನ ಬಂದು ಮತ್ತೆ ಅದನ್ನೇ ಓದಿ ಹೋಗುತ್ತಿತ್ತಂತೆ. ಆಗೆಲ್ಲ ನಕ್ಕಿದ್ದೆ. ಆ ದೆವ್ವದ ಕಷ್ಟ ಏನು ಅಂತ ಈಗ ಗೊತ್ತಾಗುತ್ತಿದೆ.

ಗೊಂಬೆ ಅಂದರೆ ಜಾತ್ರೆಯಲ್ಲಿ ಸಿಗುವಂಥದ್ದಲ್ಲ. ಆರಕ್ಕೊಂದು ಅಳತೆಯದು, ಅಂದರೆ ಆರಡಿ ಮನುಷ್ಯ ಒಂದಡಿ ಆಗಿ ನಿಂತಿರುತ್ತಾನೆ. ನನ್ನವನು ಜಪಾನಿನ ಸಮುರಾಯ್. ಕವಚದ ಒಂದೊಂದು ಪಟ್ಟಿಯನ್ನೂ ದಾರದಲ್ಲಿ ಹೆಣೆದಿದ್ದಾರೆ, ಎರಡು ಕತ್ತಿ, ಬೇಕಾದಾಗ ಬದಲಾಯಿಸಲು ಮೂರು ಜೊತೆ ಕೈ. ಬೆಲೆ 28,000 ರೂಪಾಯಿ. ಮೂರನೇ ಒಂದು ಭಾಗ ಅಡ್ವಾನ್ಸ್, ಅದು ವಾಪಸ್ ಇಲ್ಲ. 2022ರಲ್ಲಿ ಬುಕ್ ಮಾಡಿದಾಗ ಹೊರದೇಶದಿಂದ ಬರುವ ಆಟಿಕೆಗೆ ಶೇಕಡ 60 ಸುಂಕ ಇತ್ತು. (2020ರ ಬಜೆಟ್‌ಗೆ ಮೊದಲು ಬರೀ 20 ಇತ್ತು, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.) ನಾನು ಕಾಯುತ್ತಾ ಕೂತಿದ್ದಾಗಲೇ, 2023ರಲ್ಲಿ, ಅದು 70 ಆಯಿತು. ಡಬ್ಬದ ಮೇಲೆ '15 ವರ್ಷ ದಾಟಿದವರಿಗೆ ಮಾತ್ರ' ಅಂತ ಬರೆದಿರುತ್ತದೆ, ಆದರೆ ಕಸ್ಟಮ್ಸ್‌ನವರ ಲೆಕ್ಕದಲ್ಲಿ ಅದು ಮಕ್ಕಳಾಟಿಕೆಯೇ. ನಮ್ಮನೆಯವರ ಲೆಕ್ಕದಲ್ಲೂ.

ಬರದೇ ಇರುವ ಗೊಂಬೆಗೆ ದುಡ್ಡು ತೆಗೆದುಕೊಳ್ಳುವುದು ಇವತ್ತಿನ ವ್ಯಾಪಾರ ಏನಲ್ಲ. 1977ರಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಅಮೆರಿಕದಲ್ಲಿ ಅಷ್ಟು ಓಡುತ್ತದೆ ಅಂತ ಅದರ ಗೊಂಬೆ ಮಾಡಬೇಕಿದ್ದ ಕೆನ್ನರ್ ಕಂಪನಿಯವರು ಅಂದುಕೊಂಡಿರಲಿಲ್ಲ. ಕ್ರಿಸ್ಮಸ್ ಬಂತು, ಗೊಂಬೆ ತಯಾರಾಗಿರಲಿಲ್ಲ. ಏನು ಮಾಡಿದರು ಅಂದರೆ, ರಟ್ಟಿನ ಲಕೋಟೆಯೊಳಗೆ ಒಂದು ಚೀಟಿ ಇಟ್ಟು ಅದನ್ನೇ ಅಂಗಡಿಯಲ್ಲಿ ಮಾರಿದರು. ಚೀಟಿ ತುಂಬಿ ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಮನೆಗೆ ಬರುತ್ತವೆ. ಹಬ್ಬದ ದಿನ ಬೆಳಿಗ್ಗೆ ಉಡುಗೊರೆ ಬಿಚ್ಚಿ ಒಳಗೆ ಚೀಟಿ ನೋಡಿದ ಮಗುವಿನ ಮುಖ ಹೇಗಿತ್ತೋ ಏನೋ. ಆ ಮಕ್ಕಳಿಗೆ 1978ರಲ್ಲಿ ಗೊಂಬೆ ಬಂದೇ ಬಂತು ಅನ್ನಿ.

ಕಾಯುವುದನ್ನಾದರೂ ಕಾಯಬಹುದು. ಬಂದ ಮೇಲೆ ಹೇಗಿರುತ್ತದೋ ಅನ್ನುವುದೇ ನಿದ್ದೆಗೆಡಿಸುವುದು. ನಾವು ದುಡ್ಡು ಕೊಡುವುದು ಫೋಟೋ ನೋಡಿ. ಫೋಟೋದಲ್ಲಿ ಇರುವುದು ಸ್ಯಾಂಪಲ್, ಅದಕ್ಕೆ ಒಬ್ಬ ಪಳಗಿದ ಕಲಾವಿದ ದಿನಗಟ್ಟಲೆ ಕೂತು ಬಣ್ಣ ಹಚ್ಚಿರುತ್ತಾನೆ. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ಕೈಗೆ ಬರುವ ವಸ್ತುವಿನಲ್ಲಿ ವ್ಯತ್ಯಾಸ ಇರಬಹುದು' ಅಂತಲೂ ಬರೆದಿರುತ್ತಾರೆ. ಆಮೇಲೆ ಉಕ್ಕಿನ ಅಚ್ಚು ಕೊರೆಸಿ, ಚೀನಾದ ಗ್ವಾಂಗ್‌ಡಾಂಗ್ ಕಡೆಯ ಯಾವುದಾದರೂ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಪ್ಲಾಸ್ಟಿಕ್ ತಲೆ ಎರಕ ಹೊಯ್ಯುತ್ತಾರೆ. ಅಲ್ಲಿ ಬಣ್ಣ ಹಚ್ಚುವವರ ಮುಂದೆ ಒಂದೇ ತಲೆ ಇರುವುದಿಲ್ಲ, ಸಾಲು ಸಾಲು ಇರುತ್ತವೆ. ಚೀನೀ ಹೊಸ ವರ್ಷಕ್ಕೆ ಕಾರ್ಖಾನೆ ವಾರಗಟ್ಟಲೆ ಮುಚ್ಚುತ್ತದೆ, ಕೆಲಸದವರು ಊರಿಗೆ ಹೋಗುತ್ತಾರೆ, ಹೋದವರೆಲ್ಲ ವಾಪಸ್ ಬರುವುದಿಲ್ಲ. ನನ್ನ ಸಮುರಾಯ್‌ನ ಹುಬ್ಬು ಬರೆಯುವುದು ಹಳೇ ಕೈಯೋ ಹೊಸ ಕೈಯೋ? ಇಂಥದ್ದೆಲ್ಲ ಯೋಚಿಸುತ್ತಾ ರಾತ್ರಿ ಎರಡು ಗಂಟೆಗೆ ಎದ್ದು ಕೂತಿರುವ ಮನುಷ್ಯ ನಾನು.

ಎಲ್ಲದಕ್ಕಿಂತ ಕಷ್ಟ ಕಣ್ಣಿನದು. ಕಣ್ಣನ್ನು ಸಾಮಾನ್ಯವಾಗಿ ಕುಂಚದಲ್ಲಿ ಬರೆಯುವುದಿಲ್ಲ. ಮೆತ್ತನೆಯ ಸಿಲಿಕೋನ್ ಉಂಡೆಯೊಂದು ತಗಡಿನ ಮೇಲಿನ ಬಣ್ಣ ಎತ್ತಿಕೊಂಡು ಬಂದು ಮುಖದ ಮೇಲೆ ಒತ್ತುತ್ತದೆ, ಹೆಚ್ಚುಕಮ್ಮಿ ರಬ್ಬರ್ ಸ್ಟಾಂಪ್ ಥರ. ತಲೆ ಕೂರಿಸುವುದರಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಸಾಕು, ರಣರಂಗ ನೋಡಬೇಕಾದ ವೀರ ಪಕ್ಕದ ಮನೆ ಕಿಟಕಿ ನೋಡುತ್ತಿರುತ್ತಾನೆ. ನಮ್ಮಲ್ಲಿ ಗಣಪತಿ ಮಾಡುವವರು ಕಣ್ಣನ್ನು ಕೊನೆಗೆ ಇಟ್ಟುಕೊಂಡು, ಮನೆಯಲ್ಲಿ ಯಾರ ಕೈ ನಡುಗುವುದಿಲ್ಲವೋ ಅವರಿಗೆ ಕೊಡುತ್ತಾರಲ್ಲ, ಸುಮ್ನೆ ಅಲ್ಲ.

ನನ್ನ ಸಮುರಾಯ್ ಈಗಾಗಲೇ ಒಂದಿಬ್ಬರು ಪುಣ್ಯಾತ್ಮರ ಮನೆ ಸೇರಿದ್ದಾನೆ, ಹಾಂಗ್‌ಕಾಂಗ್ ಕಡೆ. ಅವರು ಹಾಕಿದ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಒಬ್ಬರದು ಚೆನ್ನಾಗಿದೆ. ಇನ್ನೊಬ್ಬರದರಲ್ಲಿ ಎಡಗಣ್ಣು ಸ್ವಲ್ಪ ಮೇಲಿದೆ, ಅಥವಾ ಬಲಗಣ್ಣು ಕೆಳಗಿದೆ. ಹೆಂಡತಿಗೆ ತೋರಿಸಿದೆ. ಅವಳು ಫೋಟೋ ನೋಡಿದಳು, ಆಮೇಲೆ ನನ್ನ ಮುಖ ನೋಡಿ, "ನಿಮ್ಮದೂ ಹಾಗೇ ಇದೆಯಲ್ರೀ" ಅಂದಳು. ಕನ್ನಡಿಯಲ್ಲಿ ನೋಡಿಕೊಂಡೆ. ನಿಜ.

ಇಷ್ಟೆಲ್ಲ ಹೆದರಲು ಕಾರಣ ನನ್ನ ಮೊದಲ ಗೊಂಬೆ. ಅವನೊಬ್ಬ ಪೈಲಟ್, ಎರಡನೇ ಮಹಾಯುದ್ಧದ ಕಾಲದವನು, ಮೈಮೇಲೆ ಕಂದು ಬಣ್ಣದ ಲೆದರ್ ಜಾಕೆಟ್. ಲೆದರ್ ಅಲ್ಲ, ರೆಕ್ಸಿನ್. ಬಟ್ಟೆ ಮೇಲೆ ಪಾಲಿಯುರೆಥೇನಿನ ತೆಳು ಪದರ. ಅದಕ್ಕೆ ತೇವ ಆಗಿಬರುವುದಿಲ್ಲ, ಗಾಳಿಯಲ್ಲಿರುವ ನೀರೇ ಅದನ್ನು ಒಳಗಿಂದ ಕೊರೆಯುತ್ತದೆ, ಮುಟ್ಟದೆ ಡಬ್ಬದಲ್ಲಿಟ್ಟರೂ ಬಿಡುವುದಿಲ್ಲ. ನಮ್ಮದು ಉಡುಪಿ. ಮಳೆಗಾಲದಲ್ಲಿ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ, ಇನ್ನು ಇವನ ಜಾಕೆಟ್ ಯಾವ ಲೆಕ್ಕ. ಐದನೇ ಮಳೆಗಾಲ ಮುಗಿದು ಶೋಕೇಸ್ ಒರೆಸಲು ಹೋದ ಅಮ್ಮ ಅವನನ್ನು ಎತ್ತಿದರು, ತೋಳಿನಿಂದ ಪುಡಿಪುಡಿ ಪದರ ಉದುರಿ ಅವರ ಬೆರಳಿಗೆಲ್ಲ ಅಂಟಿತು. "ಎಂತ ಮಾರಾಯ ಇವನಿಗೆ, ಕಜ್ಜಿಯಾ?" ಅಂದರು.

ಅಂದಿನಿಂದ ಶೋಕೇಸಿನ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಹೊಸಬನಿಗಾಗಿ ಒಂದಡಿ ಜಾಗವನ್ನೂ ಖಾಲಿ ಬಿಟ್ಟಿದ್ದೇನೆ. ಬಿಟ್ಟಿದ್ದೆ ಅನ್ನಬೇಕು. ಮೂರನೇ ಮೇಲ್ ಬಂದ ಮೇಲೆ ಅಮ್ಮ ಅಲ್ಲಿ ಹಪ್ಪಳದ ಡಬ್ಬ ಇಟ್ಟಿದ್ದಾರೆ.

ಪೈಲಟ್‌ನನ್ನು ಮಾತ್ರ ಹಾಗೆ ಬರಿಮೈಯಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಹಳೇ ಖಾಕಿ ಪ್ಯಾಂಟಿನ ತುಂಡು ಹಿಡಿದುಕೊಂಡು, ಅವನನ್ನು ಚೀಲದಲ್ಲಿ ಹಾಕಿಕೊಂಡು, ಅಮ್ಮನ ರವಿಕೆ ಹೊಲಿಯುವ ಟೈಲರ್ ಹತ್ತಿರ ಹೋದೆ. ಅವರು ನಗಲಿಲ್ಲ. ಟೇಪ್ ತೆಗೆದು ಅವನ ಎದೆಗೆ ಸುತ್ತಿ, ಪುಸ್ತಕದಲ್ಲಿ 'ಆರೂವರೆ' ಅಂತ ಬರೆದುಕೊಂಡು, "ಕಾಲರ್ ಬೇಕಾ?" ಅಂತ ಕೇಳಿದರು. ಬೇಕು ಅಂದೆ. "ನಾಳೆ ಬನ್ನಿ" ಅಂದರು.

11 ದಿನ ಹೋದೆ. 11 ದಿನವೂ ನಾಳೆ ಬನ್ನಿ. ಹನ್ನೆರಡನೇ ದಿನ ಸಿಕ್ಕಿತು. ಬಲತೋಳು ಎಡಕ್ಕಿಂತ ಒಂದು ನೂಲು ಉದ್ದ, ಗುಂಡಿ ಇರುವ ಜಾಗದಲ್ಲಿ ರವಿಕೆಯ ಹುಕ್ಕು. ಮನೆಗೆ ತಂದು ತೊಡಿಸಿ, ಹಪ್ಪಳದ ಡಬ್ಬದ ಪಕ್ಕ ನಿಲ್ಲಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಚಂದ ಉಂಟು. ಯಾವ ಬಸ್ಸಿನ ಕಂಡಕ್ಟರ್ ಇವ?" ಅಂದರು.